ರನ್ ಒತ್ತುವ ಮೊದಲು ಪುಸ್ತಕದ ಅಂಚಿನಲ್ಲಿ ಒಂದು ಅಂಕಿ

ಪ್ರಶ್ನೆ: ನಾನು ಹಾಸನ ಜಿಲ್ಲೆಯವಳು. ಸಿವಿಲ್ ಎಂಜಿನಿಯರಿಂಗ್ ಮೂರನೇ ವರ್ಷ ಓದುತ್ತಿದ್ದೇನೆ. ಅಪ್ಪ ಸೆಂಟ್ರಿಂಗ್ ಮೇಸ್ತ್ರಿ. ಕಾಲೇಜಿನಲ್ಲಿ ಮೊಮೆಂಟ್ ಡಿಸ್ಟ್ರಿಬ್ಯೂಷನ್, ಕಾನಿ ವಿಧಾನ ಅಂತ ಪುಟಗಟ್ಟಲೆ ಕೈಲೆಕ್ಕ ಮಾಡಿಸುತ್ತಾರೆ. ಇಂಟರ್ನ್‌ಶಿಪ್‌ಗೆ ಹೋಗಿದ್ದ ಆಫೀಸಿನಲ್ಲಿ ಅದನ್ನು ಯಾರೂ ಮುಟ್ಟುವುದಿಲ್ಲ. ಈಟ್ಯಾಬ್ಸ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಮಾಡೆಲ್ ಹಾಕಿ ರನ್ ಕೊಟ್ಟರೆ ಐದು ನಿಮಿಷದ ಕೆಲಸ. ಈಗ ಎಐ ಬೇರೆ ಬಂದಿದೆ. ‘ಸಾಫ್ಟ್‌ವೇರ್ ಕಲಿ, ಕೆಲಸ ಸಿಗುತ್ತೆ’ ಅನ್ನುತ್ತಾರೆ ಸೀನಿಯರ್‌ಗಳು. ಕೈಲೆಕ್ಕ ಸುಮ್ನೆ ಟೈಂ ವೇಸ್ಟ್ ಅಲ್ವಾ? ನಾನು ನಿಜವಾಗಿ ಏನು ಕಲಿಯಬೇಕು?

ಉತ್ತರ: ವೇಸ್ಟ್ ಅಲ್ಲ. ಆದರೆ ಮಾರ್ಕ್ಸ್‌ಗಾಗಿ ಮಾಡುವ ಹಾಗೆ ಮಾಡಿದರೆ ಅರ್ಧಕ್ಕರ್ಧ ವೇಸ್ಟೇ.

ಮೊಮೆಂಟ್ ಡಿಸ್ಟ್ರಿಬ್ಯೂಷನ್ ವಿಧಾನವನ್ನು ಹಾರ್ಡಿ ಕ್ರಾಸ್ ಪ್ರಕಟಿಸಿದ್ದು 1930ರಲ್ಲಿ. ಆಗ ಕಂಪ್ಯೂಟರ್ ಇರಲಿಲ್ಲ. ಒಂದು ಸಾಧಾರಣ ಕಟ್ಟಡಕ್ಕೂ ಹತ್ತಾರು ಸಮೀಕರಣ ಒಟ್ಟಿಗೆ ಬಿಡಿಸಬೇಕಿತ್ತು. ಆ ಕಷ್ಟ ತಪ್ಪಿಸಲು ಬಂದ ವಿಧಾನ ಅದು. ಸಮೀಕರಣ ಬಿಡಿಸುವ ಕೆಲಸವನ್ನು ಈಗ ಯಂತ್ರ ನಮಗಿಂತ ಚೆನ್ನಾಗಿ ಮಾಡುತ್ತದೆ. ಅದೇ ಲೆಕ್ಕವನ್ನು ಆರು ಸುತ್ತು (ಸೈಕಲ್) ಓಡಿಸಿ ಮೂರನೇ ದಶಮಾಂಶದವರೆಗೆ ಉತ್ತರ ತರುವ ಕೈಚಳಕ ನಿಮಗೆ ಆಫೀಸಿನಲ್ಲಿ ಬೇಕಾಗುವುದಿಲ್ಲ.

ಬೇಕಾಗುವುದು ಬೇರೆ. ಆ ವಿಧಾನದಲ್ಲಿ ಪ್ರತಿ ಜಾಯಿಂಟ್‌ನಲ್ಲೂ ನಿಮ್ಮ ಕೈಯೇ ಒಂದು ಸಂಗತಿ ಬರೆಯುತ್ತಿರುತ್ತದೆ. ಯಾವ ಬೀಮ್ ಗಟ್ಟಿಯೋ ಅದರ ಕಡೆ ಮೊಮೆಂಟ್, ಅಂದರೆ ಬಾಗಿಸುವ ಪರಿಣಾಮ, ಜಾಸ್ತಿ ಹೋಗುತ್ತದೆ. ಆಚೆ ತುದಿಗೆ ಅದರ ಅರ್ಧ ದಾಟುತ್ತದೆ. ಎರಡು ಸೈಕಲ್ ಮಾಡುವಷ್ಟರಲ್ಲಿ ಇದು ಕಾಣಿಸುತ್ತದೆ. ಹತ್ತು ಲೆಕ್ಕ ಹೀಗೆ ನೋಡುತ್ತಾ ಮಾಡಿದರೆ, ಕಟ್ಟಡದ ಪ್ಲಾನ್ ನೋಡಿದ ಕೂಡಲೇ ಭಾರ ಎತ್ತ ಹರಿಯುತ್ತದೆ ಅಂತ ಹೊಳೆಯಲು ಶುರುವಾಗುತ್ತದೆ. ನಾನು ಮೂವತ್ತು ವರ್ಷದಿಂದ ಸ್ಟ್ರಕ್ಚರಲ್ ಡಿಸೈನ್ ಮಾಡುತ್ತಿದ್ದೇನೆ. ಈ ಹೊಳೆಯುವಿಕೆ ಇಲ್ಲದೆ ಸಾಫ್ಟ್‌ವೇರ್ ಮುಂದೆ ಕೂರಲು ನನಗೆ ಇವತ್ತಿಗೂ ಧೈರ್ಯ ಬರುವುದಿಲ್ಲ.

ನನಗೆ ಕೆಲಸ ಕಲಿಸಿದ ಹಿರಿಯರು ಸ್ಲೈಡ್ ರೂಲ್ ಕಾಲದವರು. ಅದನ್ನು ನೀವು ನೋಡಿರಲಿಕ್ಕಿಲ್ಲ. ಒಂದರ ಪಕ್ಕ ಒಂದು ಜಾರುವ ಪಟ್ಟಿಗಳು, ಅವುಗಳ ಮೇಲೆ ಲಾಗರಿದಮ್ ಅಳತೆಯ ಗೆರೆಗಳು. ಗುಣಾಕಾರ, ಭಾಗಾಕಾರ ಎಲ್ಲ ಅದರಲ್ಲೇ. ಅದರಲ್ಲಿ ಒಂದು ವಿಶೇಷ ಇತ್ತು. ಉತ್ತರ 3.6 ಇರಲಿ, 36 ಇರಲಿ, 360 ಇರಲಿ, ಪಟ್ಟಿಯ ಮೇಲೆ ಕಾಣುವುದು ಒಂದೇ ಗೆರೆ. ಬಿಂದು ಎಲ್ಲಿ ಇಡಬೇಕು ಅನ್ನುವುದನ್ನು ಲೆಕ್ಕ ಮಾಡುವವನೇ ತಲೆಯಲ್ಲಿ ಇಟ್ಟುಕೊಳ್ಳಬೇಕು. ಅಂದರೆ ಉತ್ತರ ಸುಮಾರು ಎಷ್ಟಿರಬೇಕು ಅಂತ ಮೊದಲೇ ಗೊತ್ತಿಲ್ಲದವನಿಗೆ ಆ ಸಾಧನ ಉಪಯೋಗಕ್ಕೇ ಬರುತ್ತಿರಲಿಲ್ಲ. 1972ರಲ್ಲಿ ಎಚ್‌ಪಿ-35 ಕ್ಯಾಲ್ಕುಲೇಟರ್ ಬಂತು. ಕೆಲವೇ ವರ್ಷಗಳಲ್ಲಿ ಸ್ಲೈಡ್ ರೂಲ್ ಡ್ರಾಯರ್ ಸೇರಿತು. ಬಿಂದು ತಾನಾಗಿಯೇ ಬರತೊಡಗಿತು. ಅದರ ಜೊತೆಗೆ, ಯಾರೂ ಬೇಡ ಅನ್ನದೆಯೇ, ಮೊದಲು ಅಂದಾಜು ಮಾಡುವ ಅಭ್ಯಾಸವೂ ಹೋಯಿತು.

ನಿಮಗೆ ನಾನು ಕೇಳಿಕೊಳ್ಳುವುದು ಆ ಅಭ್ಯಾಸವನ್ನು ವಾಪಸ್ ತನ್ನಿ ಅಂತ.

ಹೇಗೆ ಅಂತ ಒಂದು ಉದಾಹರಣೆ ನೋಡೋಣ. ನಾಲ್ಕು ಮಹಡಿಯ ಮನೆ. ಕಂಬಗಳ ನಡುವೆ ಎರಡೂ ಕಡೆ 4 ಮೀಟರ್ ಅಂತರ. ಒಳಗಿನ ಒಂದು ಕಂಬದ ಪಾಲಿಗೆ ಪ್ರತಿ ಮಹಡಿಯಲ್ಲಿ 16 ಚದರ ಮೀಟರ್ ಬರುತ್ತದೆ. 125 ಮಿ.ಮೀ. ಸ್ಲ್ಯಾಬಿನ ತೂಕ ಚದರ ಮೀಟರಿಗೆ ಸುಮಾರು 3 ಕಿಲೋನ್ಯೂಟನ್. ನೆಲಹಾಸು 1. ವಾಸದ ಮನೆಗೆ ಕೋಡ್ (ಕಟ್ಟಡ ನಿಯಮಗಳ ಪುಸ್ತಕ) ಹೇಳುವ ಲೈವ್ ಲೋಡ್, ಅಂದರೆ ಜನ, ಸಾಮಾನಿನ ಭಾರ, 2. ಗೋಡೆ, ಬೀಮ್, ಕಂಬ ಎಲ್ಲವನ್ನೂ ಹರಡಿ ನೋಡಿದರೆ ಇನ್ನೊಂದು 6. ಒಟ್ಟು 12. ಹದಿನಾರು ಹನ್ನೆರಡಲಿ 192, ನಾಲ್ಕು ಮಹಡಿಗೆ ಸುಮಾರು 770 ಕಿಲೋನ್ಯೂಟನ್. ಟನ್ನಿನಲ್ಲಿ ಹೇಳಿದರೆ 77. ಇಷ್ಟಕ್ಕೆ ಪೆನ್ನು ಬೇಡ, ಎರಡು ನಿಮಿಷವೂ ಬೇಡ. ಈ 770 ಅನ್ನುವ ಅಂಕಿಯನ್ನು ನೋಟ್‌ಪುಸ್ತಕದ ಅಂಚಿನಲ್ಲಿ ಬರೆದಿಟ್ಟು ಆಮೇಲೆ ರನ್ ಕೊಡಿ. ಸಾಫ್ಟ್‌ವೇರ್ 740 ಅಂದರೆ ಸರಿ, 820 ಅಂದರೂ ಸರಿ. 570 ಅಂದರೆ ಕೈ ನಿಲ್ಲಿಸಿ.

ಆ 570 ನಾನು ಸುಮ್ನೆ ಆರಿಸಿದ ಅಂಕಿಯಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಇಂಥದ್ದೇ ಒಂದು ಮನೆಯ ಮಾಡೆಲ್ ಮಾಡಿದ್ದೆ. ಒಂದು ಮಹಡಿ ಮಾಡಿ ಮೇಲಿನವನ್ನು ಕಾಪಿ ಮಾಡಿದ್ದೆ. ಎರಡು ಮಹಡಿಗಳಿಗೆ ಗೋಡೆ, ನೆಲಹಾಸು, ಜನರ ಭಾರ ಕಾಪಿಯಾಗಿರಲಿಲ್ಲ. ಸ್ಲ್ಯಾಬು, ಬೀಮುಗಳ ಸ್ವಂತ ತೂಕವನ್ನು ಪ್ರೋಗ್ರಾಂ ತಾನೇ ಸೇರಿಸಿಕೊಂಡಿತ್ತು. ಆದ್ದರಿಂದ ಫಲಿತಾಂಶ ನೋಡಲು ಏನೂ ವಿಚಿತ್ರವಾಗಿರಲಿಲ್ಲ. ಎಲ್ಲ ಬೀಮ್ ಪಾಸ್, ಎಲ್ಲ ಕಂಬ ಪಾಸ್. ಗೋಡೆಯಿಲ್ಲದ, ಜನರಿಲ್ಲದ ಮಹಡಿ ಪ್ರೋಗ್ರಾಂಗೆ ತಪ್ಪಲ್ಲ, ಅದೂ ಒಂದು ಕಟ್ಟಡವೇ. ಫುಟಿಂಗ್ (ಕಂಬದ ಅಡಿಪಾಯ) ಭಾರದ ಪಟ್ಟಿಯ ಮೇಲೆ ನಮ್ಮ ಹಿರಿಯರು ಒಮ್ಮೆ ಕಣ್ಣಾಡಿಸಿದರು. ‘ಇಪ್ಪತ್ತು ಟನ್ ಎಲ್ಲಿ ಹೋಯ್ತಪ್ಪಾ?’ ಅಂದರು. ಅವರು ಸ್ಕ್ರೀನ್ ಕೂಡ ನೋಡಿರಲಿಲ್ಲ. ಅವರ ತಲೆಯಲ್ಲಿ 770 ಇತ್ತು, ಅಷ್ಟೇ.

ಈ ಪಾಠವನ್ನು ಪ್ರಪಂಚ ದೊಡ್ಡ ಬೆಲೆ ಕೊಟ್ಟು ಕಲಿತಿದೆ. ಎರಡು ಪ್ರಸಂಗ ಹೇಳುತ್ತೇನೆ. ಇವನ್ನು ನಿಮ್ಮ ಸಿಲಬಸ್‌ನಲ್ಲಿ ಸೇರಿಸಬೇಕು ಅಂತ ನನಗೆ ತುಂಬಾ ಆಸೆ.

ಅಮೆರಿಕದ ಹಾರ್ಟ್‌ಫರ್ಡ್ ನಗರದಲ್ಲಿ ಒಂದು ಒಳಾಂಗಣ ಕ್ರೀಡಾಂಗಣ ಕಟ್ಟಿದರು. 300 ಅಡಿ ಅಗಲ, 360 ಅಡಿ ಉದ್ದದ ಛಾವಣಿ. ಉಕ್ಕಿನ ಕಂಬಿಗಳನ್ನು ಮೂರೂ ದಿಕ್ಕಿಗೆ ಹೆಣೆದ ಸ್ಪೇಸ್ ಫ್ರೇಮ್. 1970ರ ಸುಮಾರಿನಲ್ಲಿ ಅದನ್ನು ಕಂಪ್ಯೂಟರಿನಲ್ಲಿ ಅನಲೈಸ್ ಮಾಡಿದ್ದರು. ಆ ಕಾಲಕ್ಕೆ ಅದು ಹೊಸತು, ಉಕ್ಕಿನ ಖರ್ಚೂ ಉಳಿದಿತ್ತು. ಛಾವಣಿಯನ್ನು ಮೇಲೆತ್ತಿದಾಗ ಅದು ಲೆಕ್ಕ ಹೇಳಿದ್ದಕ್ಕಿಂತ ಸುಮಾರು ಎರಡರಷ್ಟು ಬಾಗಿತ್ತು. ಸೈಟಿನವರು ಡಿಸೈನ್ ಮಾಡಿದವರಿಗೆ ತಿಳಿಸಿದರು. ಲೆಕ್ಕಕ್ಕೂ ನಿಜಕ್ಕೂ ಇಂಥ ವ್ಯತ್ಯಾಸ ಇದ್ದದ್ದೇ ಅನ್ನುವ ಉತ್ತರ ಬಂತು. 1978ರ ಜನವರಿ 18ರ ನಸುಕಿನಲ್ಲಿ, ಹಿಮದ ಭಾರಕ್ಕೆ ಇಡೀ ಛಾವಣಿ ಕುಸಿಯಿತು. ಕೆಲವೇ ಗಂಟೆ ಮೊದಲು ಅಲ್ಲಿ ಸುಮಾರು 5,000 ಜನ ಕೂತು ಬಾಸ್ಕೆಟ್‌ಬಾಲ್ ನೋಡಿ ಹೋಗಿದ್ದರು. ಮೇಲಿನ ಒತ್ತಡದ ಕಂಬಿಗಳಿಗೆ ನಡುವೆ ಆಸರೆ ಇದೆ ಅಂತ ಮಾಡೆಲ್ ಅಂದುಕೊಂಡಿತ್ತು. ನಿಜವಾದ ಜೋಡಣೆಯಲ್ಲಿ ಆ ಆಸರೆ ಸರಿಯಾಗಿ ಇರಲಿಲ್ಲ. ಉದ್ದನೆಯ ಕಂಬಿಗಳು ಡೊಂಕಾಗಿ ಮಡಚಿಕೊಂಡವು. ಕಂಪ್ಯೂಟರ್ ತನಗೆ ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರವನ್ನೇ ಕೊಟ್ಟಿತ್ತು. ನನ್ನನ್ನು ಕಾಡುವುದು ಅದಲ್ಲ. ಛಾವಣಿ ತಾನೇ ಬಾಗಿ ‘ನಿಮ್ಮ ಲೆಕ್ಕ ನನ್ನದಲ್ಲ’ ಅಂತ ಹೇಳಿತ್ತು. ವರ್ಷಗಟ್ಟಲೆ ಹೇಳುತ್ತಲೇ ಇತ್ತು.

ಎರಡನೆಯದು ನಾರ್ವೆಯದು. ಸಮುದ್ರದಲ್ಲಿ ಅನಿಲ ತೆಗೆಯುವ ಸ್ಲೈಪ್ನರ್-ಎ ಪ್ಲಾಟ್‌ಫಾರ್ಮ್. 82 ಮೀಟರ್ ಆಳದ ನೀರಿನಲ್ಲಿ ನಿಲ್ಲಬೇಕಾದ ಕಾಂಕ್ರೀಟಿನ ತಳ ಅದಕ್ಕೆ, 24 ಕೋಶಗಳದ್ದು. ಮೂರು ಗೋಡೆ ಸೇರುವ ಮೂಲೆಗಳಲ್ಲಿ ಫೈನೈಟ್ ಎಲಿಮೆಂಟ್ ಮೆಶ್, ಅಂದರೆ ಲೆಕ್ಕಕ್ಕಾಗಿ ಕಂಪ್ಯೂಟರಿನಲ್ಲಿ ಗೋಡೆಯನ್ನು ಸಣ್ಣ ತುಂಡುಗಳಾಗಿ ಒಡೆದ ಬಲೆ, ಒರಟಾಗಿತ್ತು. ಇದರಿಂದ ಅಲ್ಲಿನ ಶಿಯರ್ (ಕತ್ತರಿಸುವ) ಒತ್ತಡ ನಿಜಕ್ಕಿಂತ ಸುಮಾರು 47 ಪ್ರತಿಶತ ಕಮ್ಮಿ ಬಂತು. ಆ ಗೋಡೆಗಳು ತೆಳುವಾದವು, ಸ್ಟೀಲ್ ಕೂಡ ಸಾಲದೇ ಹೋಯಿತು. 1991ರ ಆಗಸ್ಟ್ 23ರಂದು ಸ್ಟಾವಂಗರ್ ಹತ್ತಿರದ ಫಿಯೋರ್ಡ್ ಒಂದರಲ್ಲಿ ತಳವನ್ನು ಪರೀಕ್ಷೆಗೆ ಮುಳುಗಿಸುತ್ತಿದ್ದಾಗ ಗೋಡೆ ಒಡೆದು ನೀರು ನುಗ್ಗಿತು. ಇಡೀ ತಳ ಮುಳುಗಿ ನೆಲಕ್ಕೆ ಬಡಿದು ಚೂರಾಯಿತು. ಯಾರ ಪ್ರಾಣವೂ ಹೋಗಲಿಲ್ಲ. ಆದರೆ ಸುಮಾರು 70 ಕೋಟಿ ಡಾಲರ್ ನಷ್ಟ.

ಆಮೇಲೆ ನಡೆದದ್ದನ್ನು ಗಮನಿಸಿ. ಹೊಸ ತಳವನ್ನು ಬೇಗ ಕಟ್ಟಬೇಕಿತ್ತು. ಕಂಪ್ಯೂಟರ್ ಲೆಕ್ಕ ಮತ್ತೆ ಪೂರ್ತಿಯಾಗುವವರೆಗೆ ಕಾಯುವ ಹಾಗಿರಲಿಲ್ಲ. ಆ ಎಂಜಿನಿಯರ್‌ಗಳು 20 ವರ್ಷ ಹಿಂದೆ ಇಂಥದ್ದೇ ಮೊದಲ ಪ್ಲಾಟ್‌ಫಾರ್ಮ್‌ಗಳನ್ನು ಕಟ್ಟಿದಾಗ ಬಳಸಿದ್ದ, ಸ್ಲೈಡ್ ರೂಲ್ ಕಾಲದ ಕೈಲೆಕ್ಕಕ್ಕೆ ಮರಳಿದರು. ಹೊಸ ಕಂಪ್ಯೂಟರ್ ಫಲಿತಾಂಶ ಕೈಗೆ ಬರುವ ಹೊತ್ತಿಗೆ ಡಿಸೈನ್ ಮುಗಿದು ಕಟ್ಟುವ ಕೆಲಸವೂ ಬಹುಪಾಲು ಆಗಿತ್ತು. 1993ರ ಏಪ್ರಿಲ್‌ನಲ್ಲಿ ಹೊಸ ತಳದ ಮೇಲೆ ಡೆಕ್ ಕೂತಿತು. ಆ ಕೈಲೆಕ್ಕ ಗೊತ್ತಿದ್ದವರು ಆಫೀಸಿನಲ್ಲಿ ಇನ್ನೂ ಇದ್ದರು, ಅದೇ ಪುಣ್ಯ.

ಹಾಗಂತ ಹಳೆ ಕಾಲವೇ ಚೆಂದ ಅಂತ ನಾನು ಹೇಳುತ್ತಿಲ್ಲ. ಕೆನಡಾದ ಕ್ವಿಬೆಕ್ ಸೇತುವೆ 1907ರಲ್ಲಿ ಕುಸಿದು 75 ಕೆಲಸಗಾರರು ಸತ್ತಾಗ ಎಲ್ಲವೂ ಕೈಲೆಕ್ಕವೇ. ಸೇತುವೆಯ ನಡುವಿನ ಅಂತರವನ್ನು 1,600 ಅಡಿಯಿಂದ 1,800 ಅಡಿಗೆ ಹೆಚ್ಚಿಸಿದ್ದರು. ಹೆಚ್ಚಿದ ತೂಕವನ್ನು ಸಮಯಕ್ಕೆ ಸರಿಯಾಗಿ ಮತ್ತೆ ಲೆಕ್ಕ ಮಾಡಲಿಲ್ಲ. ಅಲ್ಲೂ ಕೆಳಗಿನ ಉಕ್ಕಿನ ಭಾಗಗಳು ಬಾಗುತ್ತಿರುವುದನ್ನು ಸೈಟಿನವರು ಮೊದಲೇ ಕಂಡಿದ್ದರು.

ಸಾಫ್ಟ್‌ವೇರ್‌ನಿಂದ ಆದ ಒಳ್ಳೆಯದನ್ನೂ ಹೇಳಬೇಕು. 2001ರ ಭುಜ್ ಭೂಕಂಪದಲ್ಲಿ, ದೂರದ ಅಹಮದಾಬಾದಿನಲ್ಲಿ ಕೂಡ, ಕೆಳಗೆ ಬರೀ ಪಾರ್ಕಿಂಗ್ ಬಿಟ್ಟು ಮೇಲೆ ಗೋಡೆ ತುಂಬಿದ ಅಪಾರ್ಟ್‌ಮೆಂಟ್‌ಗಳು ಕುಸಿದವು. ಮೇಲೆ ಗಟ್ಟಿ, ಕೆಳಗೆ ಮೆತ್ತಗೆ. ಇಡೀ ಅಲುಗಾಟ ಕೆಳಗಿನ ಕಂಬಗಳಿಗೇ ಬೀಳುತ್ತದೆ. ಕೈಲೆಕ್ಕದಲ್ಲಿ ನಾವು ಒಂದೊಂದು ಫ್ರೇಮನ್ನು ಬಿಡಿಬಿಡಿಯಾಗಿ ನೋಡುತ್ತಿದ್ದೆವು, ಗೋಡೆಯನ್ನು ಬರೀ ಭಾರ ಅಂತ ಮಾತ್ರ ಎಣಿಸುತ್ತಿದ್ದೆವು. ಈಗ ಪೂರ್ತಿ ಕಟ್ಟಡ ಅಲುಗುವುದನ್ನು, ತಿರುಚುವುದನ್ನು ಸ್ಕ್ರೀನ್ ಮೇಲೆ ನೋಡಬಹುದು. ಬೆಂಗಳೂರಿನ ಯಾವ ಬೀದಿಗೆ ಹೋದರೂ ಇಂಥ ಕಟ್ಟಡಗಳಿವೆ. ಅವುಗಳಿಗೆ ಈ ಲೆಕ್ಕ ಮಾಡಲೇಬೇಕು. ಹಾಗೇ ಬಿಮ್ (BIM) ಅನ್ನುವ, ಇಡೀ ಕಟ್ಟಡದ ಡಿಜಿಟಲ್ ಮಾಡೆಲ್‌ನಲ್ಲಿ ಬೀಮಿಗೆ ಪೈಪು ಡಿಕ್ಕಿ ಹೊಡೆಯುವುದು ಕಾಂಕ್ರೀಟ್ ಹಾಕುವ ಮೊದಲೇ ಕಾಣುತ್ತದೆ. ಇವನ್ನೆಲ್ಲ ಖಂಡಿತ ಕಲಿಯಿರಿ. ಮನಸ್ಸಿಟ್ಟು ಕಲಿಯಿರಿ.

ಆದರೆ ನಮ್ಮ ಆಫೀಸುಗಳು ಬದಲಾಗುವಾಗ ಒಂದು ಸಂಗತಿ ಕೈತಪ್ಪಿ ಹೋಯಿತು. ಅದರ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ. ಮೊದಲು ಒಂದು ಡ್ರಾಯಿಂಗ್ ಆಗಲು ಮೂರು ನಾಲ್ಕು ದಿನ ಬೇಕಿತ್ತು. ಡ್ರಾಫ್ಟ್ಸ್‌ಮನ್ ಬೋರ್ಡಿನ ಮೇಲೆ ಪೆನ್ಸಿಲ್‌ನಲ್ಲಿ ಎಳೆಯುತ್ತಿದ್ದರು. ಆಮೇಲೆ ಟ್ರೇಸಿಂಗ್ ಪೇಪರ್ ಮೇಲೆ ಇಂಕು. ತಪ್ಪಾದರೆ ಬ್ಲೇಡಿನಿಂದ ಕೆರೆಯಬೇಕು. ನಂತರ ಅಮೋನಿಯಾ ಪ್ರಿಂಟ್, ಅದರ ಮೇಲೆ ಹಿರಿಯರ ಕೆಂಪು ಪೆನ್ಸಿಲ್. ನಿಧಾನ ನಿಜ. ಆದರೆ ಆ ನಿಧಾನದಲ್ಲಿ ಕಾಗದ ಮೂರು ಜನರ ಕಣ್ಣಿನ ಕೆಳಗೆ ಹಾದು ಹೋಗುತ್ತಿತ್ತು. ಅನುಭವಿ ಡ್ರಾಫ್ಟ್ಸ್‌ಮನ್‌ಗಳು ಎಷ್ಟೋ ಸಲ ‘ಸಾರ್, ಇಷ್ಟು ದೊಡ್ಡ ರೂಮಿಗೆ ಇಷ್ಟೇ ಬೀಮಾ?’ ಅಂತ ಕೇಳುತ್ತಿದ್ದರು. ಈಗ ಮಧ್ಯಾಹ್ನ ಮಾಡೆಲ್ ರನ್ ಆದರೆ ಸಂಜೆಗೆ ಪಿಡಿಎಫ್ ವಾಟ್ಸ್ಆ್ಯಪ್‌ನಲ್ಲಿ ಸೈಟಿಗೆ ಹೋಗಿರುತ್ತದೆ. ನಡುವೆ ಇದ್ದ ಕಣ್ಣುಗಳು ಇಲ್ಲವಾಗಿವೆ. ನೀವು ನಾಳೆ ಕೆಲಸಕ್ಕೆ ಸೇರುವ ಆಫೀಸಿನಲ್ಲಿ ‘ಇಲ್ಲಿ ಡ್ರಾಯಿಂಗ್ ಯಾರು ಚೆಕ್ ಮಾಡ್ತಾರೆ?’ ಅಂತ ಸಂದರ್ಶನದಲ್ಲೇ ಕೇಳಿ. ಮೊದಲ ಮೂರು ವರ್ಷ ಸಂಬಳಕ್ಕಿಂತ ಈ ಪ್ರಶ್ನೆಯ ಉತ್ತರ ಮುಖ್ಯ ಅಂತ ನಾನು ನಂಬಿದ್ದೇನೆ.

ಇನ್ನು ಎಐ. ಇದು ಆತ್ಮವಿಶ್ವಾಸದಿಂದ ಮಾತಾಡುತ್ತದೆ. ಉತ್ತರ ನೋಡಲು ಅಚ್ಚುಕಟ್ಟಾಗಿರುತ್ತದೆ. ನಮ್ಮ ಕಾಂಕ್ರೀಟ್ ಕೋಡ್ ಐಎಸ್ 456ರ ಕಲಂ ಸಂಖ್ಯೆಯನ್ನೂ ಕೊಡುತ್ತದೆ. ಕೋಡ್ ತೆಗೆದು ನೋಡಿದರೆ ಒಮ್ಮೊಮ್ಮೆ ಆ ಕಲಂನಲ್ಲಿ ಬೇರೆಯೇ ಏನೋ ಇರುತ್ತದೆ. ಇನ್ನೊಂದು ಅಪಾಯ ಇದಕ್ಕಿಂತ ಸೂಕ್ಷ್ಮ. ಅಮೆರಿಕದ ಕೋಡಿನಲ್ಲಿ ಕಾಂಕ್ರೀಟಿನ ಬಲವನ್ನು ಸಿಲಿಂಡರ್ ಒಡೆದು ಅಳೆಯುತ್ತಾರೆ. ನಾವು 150 ಮಿ.ಮೀ. ಕ್ಯೂಬ್ ಒಡೆದು ಅಳೆಯುತ್ತೇವೆ. ಒಂದೇ ಕಾಂಕ್ರೀಟಿಗೆ ಸಿಲಿಂಡರಿನ ಅಂಕಿ ಕ್ಯೂಬಿನ ಅಂಕಿಯ ಸುಮಾರು 0.8ರಷ್ಟು. ಅವರ ಸೂತ್ರಕ್ಕೆ ನಮ್ಮ ಅಂಕಿ ಹಾಕಿದರೆ ಉತ್ತರ ಬರುತ್ತದೆ, ಸುಂದರವಾಗಿಯೇ ಬರುತ್ತದೆ, ಆದರೆ ಇಲ್ಲದ ಬಲವನ್ನು ಇದೆ ಅನ್ನುತ್ತದೆ. ಈ ವ್ಯತ್ಯಾಸ ಗೊತ್ತಿದ್ದವರಿಗೆ ಎಐ ಒಳ್ಳೆಯ ಸಹಾಯಕ. ವರದಿ ಬರೆಯಲು, ಸಣ್ಣ ಪ್ರೋಗ್ರಾಂ ಮಾಡಲು, ನೂರು ಬೀಮಿನ ಪಟ್ಟಿ ಜೋಡಿಸಲು ನಾನೂ ಬಳಸುತ್ತೇನೆ. ಸಹಿ ಮಾತ್ರ ನನ್ನದು. ಕಟ್ಟಡ ಬಿರುಕು ಬಿಟ್ಟರೆ ಮಾಲೀಕರು ಬಂದು ನಿಲ್ಲುವುದು ನನ್ನ ಬಾಗಿಲಿಗೆ.

ಹಾಗಾದರೆ ಕೆಲಸ ಯಾರಿಗೆ ಸಿಗುತ್ತದೆ? ಬರೀ ಸಾಫ್ಟ್‌ವೇರ್ ಓಡಿಸಲು ಬರುವವರಿಗೆ ಈಗ ಬೇಗ ಸಿಗುತ್ತದೆ. ಅದು ಸುಳ್ಳಲ್ಲ. ಆದರೆ ಓಡಿಸುವ ಭಾಗವೇ ಎಲ್ಲಕ್ಕಿಂತ ಮೊದಲು ಯಂತ್ರದ ಪಾಲಾಗುವ ಭಾಗ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಚೈನು ತುಂಡಾಗಿ ಕೊಚ್ಚಿಹೋದದ್ದು ನಿಮಗೆ ನೆನಪಿರಬಹುದು. ಒತ್ತಡ ತಗ್ಗಿಸಲು 33 ಗೇಟುಗಳನ್ನೂ ತೆಗೆಯಬೇಕಾಯಿತು. ರೈತರ ಒಂದು ವರ್ಷದ ನೀರು ಹರಿದು ಹೋಗುತ್ತಿತ್ತು. ಆಗ ಎಲ್ಲರೂ ಹುಡುಕಿದ್ದು ಗೇಟುಗಳ ಬಗ್ಗೆ ಜೀವನಪೂರ್ತಿ ಕೆಲಸ ಮಾಡಿದ್ದ ಕನ್ನಯ್ಯ ನಾಯ್ಡು ಅವರನ್ನು. ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್, ಅಂದರೆ ಗೇಟಿನ ಬದಲು ನೀರು ತಡೆಯುವ ಉಕ್ಕಿನ ಅಡ್ಡತಡೆ, ತುಂಡು ತುಂಡಾಗಿ ಇಳಿಸಿ, ಸುಮಾರು ಒಂದು ವಾರದಲ್ಲಿ ಆ ತೆರಪು ಮುಚ್ಚಿದರು. ಹರಿಯುವ ನೀರು ಉಕ್ಕಿನ ತುಂಡನ್ನು ಹೇಗೆ ಎಳೆಯುತ್ತದೆ, ಅದು ಯಾವ ಘಳಿಗೆಯಲ್ಲಿ ಕೂರುತ್ತದೆ ಅನ್ನುವುದು ಅಂಥವರ ಮೈಯಲ್ಲಿ ಇರುವ ತಿಳಿವಳಿಕೆ. ಇಂಥವರು ನಿವೃತ್ತರಾಗುವ ಮೊದಲು ಪಕ್ಕದಲ್ಲಿ ನಿಂತು ಕಲಿಯುವ ನಾಲ್ಕು ಹುಡುಗ ಹುಡುಗಿಯರು ನಮಗೆ ಬೇಕು. ಪ್ರತಿ ಇಲಾಖೆಯಲ್ಲೂ, ಪ್ರತಿ ಆಫೀಸಿನಲ್ಲೂ ಬೇಕು.

ನಿಮಗೆ ಅಂಥವರನ್ನು ಹುಡುಕುವ ಕಷ್ಟ ಇಲ್ಲ. ನಿಮ್ಮ ಮನೆಯಲ್ಲೇ ಇದ್ದಾರೆ.

ನನ್ನ ಮೊದಲ ದೊಡ್ಡ ಡ್ರಾಯಿಂಗ್ ಸೈಟಿಗೆ ಹೋದಾಗ 230 ಮಿ.ಮೀ. ಅಗಲದ ಬೀಮಿನ ಮೇಲ್ಭಾಗದಲ್ಲಿ 25 ಮಿ.ಮೀ.ನ ನಾಲ್ಕು ಕಂಬಿ ಒಂದೇ ಸಾಲಿನಲ್ಲಿ ತೋರಿಸಿದ್ದೆ. ಕಾಗದದ ಮೇಲೆ ಹಿಡಿಸಿತ್ತು. ಬೀಮ್ ಕಂಬಕ್ಕೆ ಸೇರುವ ಜಾಗದಲ್ಲಿ ಕಂಬದ ಕಂಬಿಗಳೂ, ಅಡ್ಡ ಬರುವ ಬೀಮಿನ ಕಂಬಿಗಳೂ ಸೇರಿ ಬುಟ್ಟಿ ಹೆಣೆದ ಹಾಗಾಯಿತು. ಮೇಸ್ತ್ರಿ ಕಾಂಕ್ರೀಟನ್ನು ಅಲುಗಿಸಿ ಕೂರಿಸುವ ವೈಬ್ರೇಟರಿನ ಸೂಜಿ ಹಿಡಿದು ನಿಂತು ‘ಸೂಜಿ ಎಲ್ಲಿ ಇಳಿಸ್ಲಿ ಸಾರ್?’ ಅಂದರು. 40 ಮಿ.ಮೀ. ಸೂಜಿಗೂ ದಾರಿ ಇರಲಿಲ್ಲ. ಸೂಜಿ ಇಳಿಯದಿದ್ದರೆ ಜಲ್ಲಿ ಇಳಿಯುವುದಿಲ್ಲ, ಒಳಗೆ ಜೇನುಗೂಡಿನ ಹಾಗೆ ಟೊಳ್ಳು ಉಳಿಯುತ್ತದೆ. ಮಾಡೆಲ್‌ನಲ್ಲಿ ಆ ಜಾಯಿಂಟ್ ಬರೀ ಒಂದು ಚುಕ್ಕೆ. ಅವತ್ತು ಕಾಂಕ್ರೀಟ್ ನಿಲ್ಲಿಸಿ ಕಂಬಿ ಬದಲಾಯಿಸಿದೆವು. ಅವತ್ತಿನಿಂದ ಕಂಬಿ ತೋರಿಸುವ ಮುನ್ನ ಸೂಜಿಗೆ ದಾರಿ ಇದೆಯಾ ಅಂತ ನೋಡುತ್ತೇನೆ.

ಈ ರಜೆಯಲ್ಲಿ ಅಪ್ಪನ ಜೊತೆ ಸೈಟಿಗೆ ಹೋಗಿ. ನೋಟ್‌ಪುಸ್ತಕ, ಟೇಪು ಇರಲಿ. ಒಂದು ಬಾಲ್ಕನಿ ಸ್ಲ್ಯಾಬ್ ಆರಿಸಿಕೊಳ್ಳಿ. ಅದರಲ್ಲಿ ಮುಖ್ಯ ಕಂಬಿ ಮೇಲ್ಗಡೆ ಇರಬೇಕು ಅಂತ ನೀವು ಓದಿದ್ದೀರಿ. ಕಾಂಕ್ರೀಟ್ ಹಾಕುವ ದಿನ ಕೆಲಸದವರು ಆ ಕಂಬಿಗಳ ಮೇಲೆ ನಡೆದಾಡುವುದನ್ನು ನೋಡಿ. ಕೆಳಗೆ ಕಂಬಿಯನ್ನು ಎತ್ತಿ ಹಿಡಿಯುವ ಚೇರ್ ಸರಿಯಾಗಿ ಇಡದಿದ್ದರೆ ಅವು ಕುಸಿಯುತ್ತವೆ. ಮೇಲಿನ ಕಂಬಿಯಿಂದ ಸ್ಲ್ಯಾಬಿನ ತಳಕ್ಕೆ 100 ಮಿ.ಮೀ. ಇರಬೇಕಾದದ್ದು 60 ಆದರೆ, ಬಲ ಹೆಚ್ಚುಕಮ್ಮಿ 40 ಪ್ರತಿಶತ ಹೋಯಿತು. ಸಾಫ್ಟ್‌ವೇರ್ ಇನ್ನೂ 100 ಅಂತಲೇ ನಂಬಿಕೊಂಡಿರುತ್ತದೆ. ಟೇಪು ಹಿಡಿದು ಅಳೆದು ಬರೆದುಕೊಳ್ಳಿ.

ಸೆಂಟ್ರಿಂಗ್ ಬಿಚ್ಚುವ ದಿನವೂ ಹೋಗಿ. ಬಾಲ್ಕನಿಯ ಯಾವ ಪ್ರಾಪ್ (ಆಸರೆಯ ಕಂಬ) ಮೊದಲು ತೆಗೆಯುತ್ತೀರಿ ಅಂತ ಅಪ್ಪನನ್ನು ಕೇಳಿ. ಒಳ್ಳೆಯ ಮೇಸ್ತ್ರಿ ತುದಿಯಿಂದ ಶುರು ಮಾಡಿ ಗೋಡೆಯ ಕಡೆ ಬರುತ್ತಾರೆ. ರೂಮಿನ ಸ್ಲ್ಯಾಬಾದರೆ ನಡುವಿನಿಂದ ಶುರು ಮಾಡಿ ಗೋಡೆಗಳ ಕಡೆ ಹೋಗುತ್ತಾರೆ. ಯಾಕೆ ಅಂತ ಕೇಳಿದರೆ ಅವರು ಬೆಂಡಿಂಗ್ ಮೊಮೆಂಟ್ ಅನ್ನಲಿಕ್ಕಿಲ್ಲ. ತಮ್ಮ ಮಾತಿನಲ್ಲೇ ಹೇಳುತ್ತಾರೆ, ಅದನ್ನು ಹಾಗೇ ಬರೆದುಕೊಳ್ಳಿ. ಮನೆಗೆ ಬಂದು ಎರಡು ಚಿತ್ರ ಬಿಡಿಸಿ. ಒಂದರಲ್ಲಿ ಅಪ್ಪ ಹೇಳಿದ ಕ್ರಮ. ಇನ್ನೊಂದರಲ್ಲಿ ಗೋಡೆ ಕಡೆಯ ಪ್ರಾಪ್ ಮೊದಲು ತೆಗೆದು ತುದಿಯದನ್ನು ಉಳಿಸಿದ ಕ್ರಮ. ಎರಡಕ್ಕೂ ಮೊಮೆಂಟ್ ಡಯಾಗ್ರಾಂ ಹಾಕಿ. ಎರಡನೆಯದರಲ್ಲಿ ಸ್ಲ್ಯಾಬಿನ ಅಡಿಭಾಗ ಎಳೆತಕ್ಕೆ ಸಿಗುವುದು ಕಾಣುತ್ತದೆ, ಅಲ್ಲಿ ಕಂಬಿ ಇಲ್ಲ. ಆ ಎರಡು ಚಿತ್ರಗಳನ್ನು ಅಪ್ಪನಿಗೂ ತೋರಿಸಿ, ಅವರು ಏನಂದರು ಅಂತ ನನಗೆ ಬರೆಯಿರಿ.